ಅಪ್ಪನನ್ನು ಅಮ್ಮ ಎಂದ ಕಾಲ

ನಮ್ಮ ಮನೆಯ ಮೇಲಿನ ಮಹಡಿಗೆ ಹೋದ ಯುಗಾದಿಯ ಹೊತ್ತಿಗೆ ಒಂದು ಸಣ್ಣ ಸಂಸಾರ ಬಾಡಿಗೆಗೆ ಬಂತು. ಗಂಡ, ಹೆಂಡತಿ, ಮೂರು ವರ್ಷದ ಒಂದು ಗಂಡುಮಗು. ಬಂದ ವಾರವೇ ಸಂಜೆ ಹೊತ್ತು ಮೇಲಿಂದ ಒಂದು ಸದ್ದು ಶುರುವಾಯಿತು. 'ಪಾ ಪಾ ಪಾ', ಸ್ವಲ್ಪ ಬಿಟ್ಟು 'ಪೀ ಪೀ ಪೀ', ಆಮೇಲೆ 'ಪೂ'. ನಡುನಡುವೆ ಮೊಬೈಲಿನಿಂದ ಒಬ್ಬ ಹೆಂಗಸಿನ ದನಿ: 'ವೆರಿ ಗುಡ್ ಚಿನ್ನಾ, ಇನ್ನೊಂದ್ಸಲ.' ನಾನು ಕೆಳಗೆ ಕೂತು ಯಾರದೋ ಆತ್ಮಕಥೆಯ ಕರಡು ತಿದ್ದುತ್ತಿದ್ದೆ. ಪೆನ್ನು ನಿಂತಿತು. ಅದು ಪಾಠ ಹೇಳಿಸುವ ಸದ್ದಲ್ಲ, ಆಟದ ಸದ್ದೂ ಅಲ್ಲ. ಒಂದೇ ಪಕಾರವನ್ನು ಹಾಗೆ ಸ್ವರದಿಂದ ಸ್ವರಕ್ಕೆ ದಾಟಿಸುವುದು ಯಾಕೆಂದು ನಮ್ಮ ಬೀದಿಯಲ್ಲಿ ಬಹುಶಃ ನನಗೊಬ್ಬಳಿಗೇ ಗೊತ್ತು.

ಮೆಟ್ಟಿಲ ಬಳಿ ಸಿಕ್ಕಾಗ ಆ ಹುಡುಗಿ ತಾನಾಗಿಯೇ, 'ಸೌಂಡ್ ಜಾಸ್ತಿ ಆಗ್ತಿದೆಯಾ ಆಂಟಿ? ಸ್ಪೀಚ್ ಥೆರಪಿ ಅದು, ದಿನಾ ಹೇಳಿಸಿ ಅಂದಿದಾರೆ' ಎಂದಳು. ಮಗುವಿಗೆ ಸೀಳು ಅಂಗುಳ. ಹುಟ್ಟಿದ ದಿನವೇ ಮಕ್ಕಳ ಡಾಕ್ಟರು ಬಾಯೊಳಗೆ ನೋಡಿ ಹೇಳಿದ್ದರಂತೆ. ಹನ್ನೊಂದನೇ ತಿಂಗಳಿಗೆ ಆಪರೇಷನ್. ಈಗ ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಥೆರಪಿ, ಉಳಿದ ದಿನ ಮನೆಯಲ್ಲೇ ಅಭ್ಯಾಸ. 'ನನಗೂ ಇತ್ತಮ್ಮ' ಎಂದೆ. ಅವಳ ಕಣ್ಣು ನೇರ ನನ್ನ ಮೇಲ್ತುಟಿಗೆ ಹೋಯಿತು. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ನನ್ನ ತುಟಿಯ ಮೇಲೆ ಏನೂ ಇಲ್ಲ. ಸೀಳಿದ್ದದ್ದು ಒಳಗೆ, ತಲೆ ಹಿಂದಕ್ಕೆ ಬಾಗಿಸಿ ಬಾಯಿ ಪೂರ್ತಿ ತೆರೆದರೆ ಮಾತ್ರ ಕಾಣುವ ಕಡೆ. ಸೀಳು ತುಟಿ, ಸೀಳು ಅಂಗುಳ ಎರಡನ್ನೂ ಸೇರಿಸಿದರೆ ಸುಮಾರು ಏಳುನೂರು ಹೆರಿಗೆಗೆ ಒಂದು ಮಗು ಹೀಗೆ ಹುಟ್ಟುತ್ತದೆ ಎನ್ನುತ್ತಾರೆ. ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿರುವುದು ಹೆಣ್ಣುಮಕ್ಕಳಲ್ಲೇ ಹೆಚ್ಚು. ಮುಖದ ಮೇಲೆ ಗುರುತಿಲ್ಲದ್ದು ನಿನ್ನ ಪುಣ್ಯ ಎಂದು ನೆಂಟರು ಹೇಳುತ್ತಿದ್ದರು. ಗುರುತಿಲ್ಲದ್ದರಿಂದಲೇ ಏಳು ವರ್ಷ ಯಾರೂ ಬಾಯಿ ತೆರೆಸಿ ನೋಡಲಿಲ್ಲ ಎಂಬುದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ನಾನು ಹುಟ್ಟಿದ್ದು 1980ರ ಆಷಾಢದಲ್ಲಿ, ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮೊಲೆಗೆ ಹಾಕಿಕೊಂಡರೆ ಚೀಪಲು ಬರುತ್ತಿರಲಿಲ್ಲವಂತೆ. ಬಾಯಿಗೆ ಬಿಟ್ಟ ಹಾಲು ಮೂಗಿನಲ್ಲಿ ಬರುತ್ತಿತ್ತು. ಅಜ್ಜಿ ಅವ್ವನ ಹಾಲನ್ನು ಒಳಲೆಗೆ ಹಿಂಡಿಸಿಕೊಂಡು, ನನ್ನನ್ನು ತೊಡೆಯ ಮೇಲೆ ನೆಟ್ಟಗೆ ಒರಗಿಸಿ ಕೂರಿಸಿ, ತೊಟ್ಟು ತೊಟ್ಟಾಗಿ ಕುಡಿಸಿದಳು. ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳ ತಾಯಂದಿರಿಗೆ ಹೇಳಿಕೊಡುವುದೂ ಹೆಚ್ಚುಕಮ್ಮಿ ಅದನ್ನೇ: ಮಲಗಿಸಬೇಡಿ, ಕೂರಿಸಿ ಕುಡಿಸಿ, ಸ್ವಲ್ಪಸ್ವಲ್ಪವೇ ಕೊಡಿ, ನಡುವೆ ತೇಗಿಸಿ. ಅಜ್ಜಿಗೆ ಯಾರು ಹೇಳಿಕೊಟ್ಟರೋ.

ಆ ವರ್ಷ ಫೆಬ್ರವರಿ 16ರಂದು ಸೂರ್ಯಗ್ರಹಣ ಹಿಡಿದಿತ್ತು. ಕಾರವಾರ, ಹುಬ್ಬಳ್ಳಿ, ರಾಯಚೂರು ಸೀಮೆಯಲ್ಲಿ ಪೂರ್ಣ, ನಮ್ಮ ಕಡೆ ಭಾಗಶಃ. ಬಸುರಿ ಹೊರಗೆ ಬರಬಾರದು, ಈಳಿಗೆಮಣೆ ಮುಟ್ಟಬಾರದು ಎಂದು ಊರೆಲ್ಲ ಹೇಳಿತ್ತು. ಅವ್ವ ಹೊರಗೇನೂ ಬರಲಿಲ್ಲ. ಆದರೆ ಗ್ರಹಣ ಬಿಟ್ಟ ಮೇಲೆ ಮನೆ ತುಂಬ ಜನಕ್ಕೆ ಅಡುಗೆಯಾಗಬೇಕಲ್ಲ ಎಂದು, ಬಿಡುವ ಮುಂಚೆಯೇ ಒಳಗೆ ಕೂತು ಒಂದು ಸೋರೆಕಾಯಿ ಹೆಚ್ಚಿಟ್ಟಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನನ್ನ ಆಪರೇಷನ್ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪನ ಮುಂದೆ ಅತ್ತುಕೊಂಡು ಹೇಳಿದಳಂತೆ. ಬಹಳ ಕಾಲದ ಮೇಲೆ, ಒಂದು ವೈದ್ಯಕೀಯ ಪುಸ್ತಕದ ಕರಡು ನನ್ನ ಮೇಜಿಗೆ ಬಂದಾಗ ಓದಿದೆ: ಅಂಗುಳದ ಎಡಬಲದ ಪದರಗಳು ನಡುವೆ ಬಂದು ಕೂಡಿಕೊಳ್ಳುವುದು ಬಸಿರಿನ ಮೂರನೇ ತಿಂಗಳೊಳಗೆ. ಹಳೆಯ ಪಂಚಾಂಗ ತೆಗೆದು ಲೆಕ್ಕ ಹಾಕಿದೆ. ಗ್ರಹಣದ ದಿನಕ್ಕೆ ಅವ್ವನಿಗೆ ಐದರಲ್ಲಿ. ನನ್ನ ಅಂಗುಳ ಕೂಡುವುದೋ ಬಿಡುವುದೋ ಸಂಕ್ರಾಂತಿಯ ಹೊತ್ತಿಗೇ ತೀರ್ಮಾನವಾಗಿಹೋಗಿತ್ತು. ಸೋರೆಕಾಯಿ ನಿರಪರಾಧಿ. ಇದನ್ನು ದೊಡ್ಡ ಉಪಕಾರ ಮಾಡುವವಳಂತೆ ಅವ್ವನಿಗೆ ವಿವರಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, 'ಹಂಗಾದ್ರೆ ಅದ್ಕೂ ಮುಂಚೆ ಏನೋ ಮಾಡಿರ್ಬೇಕು ಕಣೆ, ಬುಡು' ಎಂದಳು.

ವರ್ಣಮಾಲೆಯ ವರ್ಗೀಯ ವ್ಯಂಜನಗಳನ್ನು ಶಾಲೆಯ ಚಾರ್ಟಿನಲ್ಲಿ ಇರುವಂತೆ ಐದೈದರ ಐದು ಸಾಲಾಗಿ ಬರೆದು ನೋಡಿ. ಬಲಗಡೆಯ ಕೊನೆಯಲ್ಲಿ ಮೇಲಿಂದ ಕೆಳಕ್ಕೆ ಙ ಞ ಣ ನ ಮ. ಅವು ನನ್ನವು. ಉಳಿದ ಇಪ್ಪತ್ತು ನನ್ನವಲ್ಲ. ಅವರ್ಗೀಯಗಳಲ್ಲಿ ಯ ರ ಲ ವ ಹ ಳ ನನಗೆ ಸಿಕ್ಕಿದ್ದವು, ಶ ಷ ಸ ಸಿಕ್ಕಿರಲಿಲ್ಲ. ಕಾರಣ ಸರಳ. 'ಪ' ಎನ್ನಬೇಕಾದರೆ ತುಟಿ ಮುಚ್ಚಿ ಬಾಯೊಳಗೆ ಗಾಳಿ ಕೂಡಿಹಾಕಿ ಒಮ್ಮೆಲೇ ಬಿಡಬೇಕು. ಆ ಗಳಿಗೆಗೆ ಅಂಗುಳದ ಹಿಂಭಾಗದ ಮೃದುವಾದ ಮಾಂಸ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಿಕೊಳ್ಳಬೇಕು. ಅದು ಮುಚ್ಚದಿದ್ದರೆ ತೂತು ಬಿದ್ದ ಟ್ಯೂಬಿಗೆ ಪಂಪು ಹೊಡೆದ ಹಾಗೆ, ಎಷ್ಟು ಊದಿದರೂ ಒತ್ತಡ ನಿಲ್ಲುವುದಿಲ್ಲ. ಮೂಗಿನಲ್ಲೇ ಹೇಳಬೇಕಾದ ಅನುನಾಸಿಕಗಳಿಗೆ ಈ ತಾಪತ್ರಯವಿಲ್ಲ.

ಹೀಗಾಗಿ ನನ್ನ ಬಾಯಲ್ಲಿ ಬಸ್ಸು 'ಮನ್ನು' ಆಗುತ್ತಿತ್ತು, ದನ 'ನನ' ಆಗುತ್ತಿತ್ತು. ನಮ್ಮೂರ ಕಡೆ ತಾಯಿಯನ್ನು ಕರೆಯುವುದು ಅವ್ವ ಎಂದು. ಅದರಲ್ಲಿ ನನಗೆ ತೊಡಕೇನೂ ಇರಲಿಲ್ಲ, ಸ್ವಚ್ಛವಾಗಿ ಬರುತ್ತಿತ್ತು. ಅಪ್ಪ ಎನ್ನಹೋದರೆ ಮಾತ್ರ 'ಅಮ್ಮ' ಎಂದು ಬರುತ್ತಿತ್ತು. ಮನೆಯಲ್ಲಿ ಒಬ್ಬಳು ಅವ್ವ, ಒಬ್ಬ ಅಮ್ಮ. ಊರ ಹುಡುಗರಿಗೆ ಇದೊಂದು ಹಬ್ಬ. ಅಪ್ಪ ಹೊಲದಿಂದ ಬರುವುದನ್ನು ಕಂಡರೆ, 'ನೋಡೇ, ನಿಮ್ಮಮ್ಮ ಬಂದ' ಎನ್ನುವರು. ಅಪ್ಪ ಕೋಪಿಷ್ಠನಲ್ಲ, ಹಾಗೆಂದು ಹಗುರ ಮನಸ್ಸಿನವನೂ ಅಲ್ಲ. ನಾನು ನಾಲ್ಕು ಜನರೆದುರು ಕೂಗಿದರೆ ಓಗೊಡದೆ ಇರುವುದನ್ನು ಕಲಿತ. ನಾನೂ ನಾಲ್ಕು ಜನರೆದುರು ಅವನನ್ನು ಕೂಗದೆ ಇರುವುದನ್ನು ಕಲಿತೆ.

ಬಾಯಲ್ಲಿ ನಿಲ್ಲದ ಗಾಳಿಯನ್ನು ಮಗು ಬೇರೆಲ್ಲಾದರೂ ನಿಲ್ಲಿಸಲು ನೋಡುತ್ತದೆ. ಅಂಗುಳಕ್ಕಿಂತ ಕೆಳಗೆ, ಗಂಟಲಿನಲ್ಲಿ, ತೂತು ತೊಂದರೆ ಕೊಡದ ಒಂದು ಜಾಗವಿದೆ. ಅಲ್ಲಿ ತಟಕ್ಕನೆ ಗಾಳಿಯನ್ನು ಹಿಡಿದು ಬಿಟ್ಟರೆ ವ್ಯಂಜನದ ಹಾಗೆ ಒಂದು ಪೆಟ್ಟು ಕೇಳುತ್ತದೆ. 'ಅಕ್ಕ' ಎನ್ನುವಲ್ಲಿ 'ಅ' ಎಂದು ನಿಲ್ಲಿಸಿ, ಗಂಟಲು ಬಿಗಿದು, ಮತ್ತೆ 'ಅ'. ನಾನು ಕ ಟ ತ ಮೂರಕ್ಕೂ ಆ ಒಂದೇ ಪೆಟ್ಟನ್ನು ಬಳಸುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ದೇಶ ಯಾವುದಾದರೂ, ಭಾಷೆ ಯಾವುದಾದರೂ, ಅಂಗುಳ ಸೀಳಿದ ಎಷ್ಟೋ ಮಕ್ಕಳು ತಾವಾಗಿಯೇ ಕಂಡುಕೊಳ್ಳುವ ಉಪಾಯ ಇದು ಎಂದು ಆಮೇಲೆ ತಿಳಿಯಿತು. ಅವ್ವನಿಗೆ ನನ್ನ ಮಾತು ನೂರಕ್ಕೆ ನೂರು ಅರ್ಥವಾಗುತ್ತಿತ್ತು, ಅಜ್ಜಿಗೆ ಮುಕ್ಕಾಲು. ಅಂಗಡಿಯವನಿಗೆ, ಮೇಷ್ಟ್ರಿಗೆ, ಕೊನೆಗೆ ಅಪ್ಪನಿಗೂ ಅವ್ವನೇ ತಿಳಿಸಿ ಹೇಳಬೇಕು. ನಾನು ಬಾಯಿ ತೆರೆಯುವ ಮುಂಚೆಯೇ ಹೇಳಿ ಮುಗಿಸುವಷ್ಟು ಅವಳು ಪಳಗಿಬಿಟ್ಟಳು. ಶಾಲೆಯಲ್ಲಿ ಹಾಜರಿ ಕೂಗಿದಾಗ ನಾನು ಕೈ ಎತ್ತಿದರೆ ಸಾಕು ಎಂದು ಮೇಷ್ಟ್ರು ರಿಯಾಯಿತಿ ಕೊಟ್ಟಿದ್ದರು. ಓದಿಸುವ ಸರದಿ ಬಂದಾಗ ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದರು. ಅದನ್ನು ಕರುಣೆ ಎಂದೇ ಎಲ್ಲರೂ ತಿಳಿದಿದ್ದೆವು.

ಒಂದು ದಿನ ಶಾಲೆಗೆ ಆರೋಗ್ಯ ತಪಾಸಣೆಗೆಂದು ಬಂದ ನರ್ಸಮ್ಮ ಹಲ್ಲು ನೋಡಲು ಬ್ಯಾಟರಿ ಬಿಟ್ಟವರು ಹಾಗೇ ನಿಂತುಬಿಟ್ಟರು. ಆಮೇಲಿನದೆಲ್ಲ ಬೇಗಬೇಗ ನಡೆಯಿತು. 1987ರಲ್ಲಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಅಂಗುಳವನ್ನು ಹೊಲಿದರು. ವಾರಗಟ್ಟಲೆ ಗಂಜಿ, ಆರಿದ ಹಾಲು. ಮೂಗಿನಲ್ಲಿ ಹಾಲು ಬರುವುದು ನಿಂತಿತು. ಊರಿಗೆ ಬಂದ ದಿನ ಮನೆ ತುಂಬ ಜನ. ಇನ್ನು ಮಾತಾಡುತ್ತದೆ ಕೂಸು ಎಂದು ಕೂರಿಸಿ, 'ಅಪ್ಪ ಅನ್ನು' ಎಂದರು. ನಾನು ಮೊದಲು ಹೇಳುತ್ತಿದ್ದಂತೆಯೇ ಹೇಳಿದೆ. ಒಬ್ಬೊಬ್ಬರೇ ಎದ್ದು ಹೋದರು. 'ಹೊಲಿಗೇನೋ ಹಾಕವ್ರೆ' ಎಂದ ಅಪ್ಪ.

ತೂತು ಮುಚ್ಚಿದ ಮಾತ್ರಕ್ಕೆ ನಾಲಿಗೆ, ಗಂಟಲು ಕಲಿತದ್ದನ್ನು ಬಿಡುವುದಿಲ್ಲ. ಆ ಹೊಲಿಗೆ ಒಂದು ವರ್ಷದ ಆಸುಪಾಸಿನಲ್ಲಿ ಬಿದ್ದಿದ್ದರೆ, ಮಾತು ಮೂಡುವ ಮುಂಚೆ ಬಾಯಿ ಸಜ್ಜಾಗಿರುತ್ತಿತ್ತು. ಏಳು ವರ್ಷಕ್ಕೆ ನಾನು ಪೂರ್ತಿ ಮಾತುಗಾತಿ, ನನ್ನದೇ ವ್ಯಂಜನಗಳ ಮಾತುಗಾತಿ. ಕಾಯಿಲೆ ಆಸ್ಪತ್ರೆಯಲ್ಲಿ ವಾಸಿಯಾಗಿತ್ತು. ಇನ್ನು ಬಿಡಿಸಬೇಕಾದದ್ದು ನನ್ನ ಜಾಣತನವನ್ನು.

ಅದಕ್ಕೆ ನಮ್ಮನ್ನು ಕಳಿಸಿದ್ದು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. 1965ರಲ್ಲಿ ಶುರುವಾದದ್ದು. ಮೈಸೂರಿನವರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗು'. ಹುಣಸೂರಿನಿಂದ ಬಿಳಿಕೆರೆ, ಇಲವಾಲ ದಾಟಿ ಬರುವ ಬಸ್ಸಿನಲ್ಲಿ ಪಡುವಾರಹಳ್ಳಿ ಹತ್ತಿರ ಇಳಿದು ನಡೆಯುತ್ತಿದ್ದೆವು. ದಾರಿಯಲ್ಲಿ ಅವ್ವ ನನಗೆ ಪ್ರೀಮಿಯರ್ ಸ್ಟುಡಿಯೋ ತೋರಿಸುತ್ತಿದ್ದಳು, ಅಲ್ಲಿ ರಾಜಕುಮಾರ್ ಸಿಕ್ಕೇ ಸಿಗುತ್ತಾರೆ ಎನ್ನುವ ಧಾಟಿಯಲ್ಲಿ. 1989ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಅಲ್ಲಿ ಸತ್ತ ಮೇಲೆ ಅವಳು ಆ ಕಡೆ ಮುಖ ತಿರುಗಿಸಲಿಲ್ಲ.

ಮಾತಿಗೆಂದು ಹೋದರೆ ಮೊದಲು ಕಿವಿ ನೋಡಿದರು. ಗವಿಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತು ಎಂದರು. ನನಗೆ ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು. ಅದು ಬೇರೆ ಕಾಯಿಲೆ ಎಂದು ನಾವು ತಿಳಿದಿದ್ದೆವು. ಅಲ್ಲ. ಕಿವಿಯ ಒಳನಾಳವನ್ನು ತೆರೆಯುವ ಸ್ನಾಯುವೂ ಅಂಗುಳದ್ದೇ. ಸೀಳಿದ್ದರೆ ಅದೂ ಸರಿಯಾಗಿ ಎಳೆಯುವುದಿಲ್ಲ, ನಡುಗಿವಿಯಲ್ಲಿ ನೀರು ನಿಲ್ಲುತ್ತದೆ. ಅಂದರೆ ತಪ್ಪು ಹೇಳುವುದಷ್ಟೇ ಅಲ್ಲ, ಸರಿಯಾದದ್ದನ್ನು ಅರ್ಧಂಬರ್ಧ ಕೇಳಿಸಿಕೊಳ್ಳುತ್ತಲೂ ಇದ್ದೆ.

ನನಗೆ ಥೆರಪಿ ಮಾಡಲು ಬಂದವರು ಅಲ್ಲೇ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ. ನಾನು 'ಮಿಸ್' ಎನ್ನುತ್ತಿದ್ದೆ, ಅಂದರೆ 'ಮಿ' ಎನ್ನುತ್ತಿದ್ದೆ. ಕೇರಳದವರು. ಕನ್ನಡ ಕಲಿತು ವರ್ಷವಾಗಿತ್ತೋ ಇಲ್ಲವೋ. 'ಅಮ್ಮ ಬಂತಾ? ಅಪ್ಪ ಯಾಕೆ ಬರಲಿಲ್ಲ, ಅಪ್ಪ ಎಲ್ಲಿ ಹೋಯ್ತು?' ಎಂದು ಕೇಳುವರು. ಅವರ ಭಾಷೆಯಲ್ಲಿ ಬಂದದ್ದು ಅವನಾದರೂ ಅವಳಾದರೂ ಕ್ರಿಯಾಪದ ಒಂದೇ. ನನ್ನನ್ನು ತಿದ್ದಲು ಕೂತವರನ್ನು ನಾನು ತಿದ್ದುತ್ತಿದ್ದೆ. ನನ್ನ ಮಾತು ಅವರಿಗೆ ತಿಳಿಯದು, ಅವರ ಲಿಂಗ ವಚನ ನನಗೆ ನಗೆ. ಅವ್ವನಿಗೆ ಇದೆಲ್ಲ ಸರಿಬರಲಿಲ್ಲ. ಕನ್ನಡವೇ ಬಾರದವರು ನನ್ನ ಮಗಳಿಗೆ ಕನ್ನಡ ಏನು ಕಲಿಸ್ತಾರೆ ಎಂದು ಗೊಣಗುತ್ತಿದ್ದಳು.

ಈಗ ಯೋಚಿಸಿದರೆ ಅದೇ ನನಗೆ ಒಲಿದ ಭಾಗ್ಯ ಎನ್ನಿಸುತ್ತದೆ. ಕನ್ನಡ ಚೆನ್ನಾಗಿ ಬಲ್ಲವರು ನನ್ನ ಅರೆಮಾತನ್ನು ಸಂದರ್ಭದಿಂದ ಊಹಿಸಿ ತುಂಬಿಕೊಂಡುಬಿಡುತ್ತಾರೆ. ತಟ್ಟೆಯ ಕಡೆ ಕೈ ತೋರಿಸಿ ಏನಂದರೂ ಅವ್ವನಿಗೆ 'ತಟ್ಟೆ' ಎಂದೇ ಕೇಳುತ್ತದೆ. ಊಹಿಸಲು ಬೇಕಾದಷ್ಟು ಕನ್ನಡ ಮಿಸ್ ಬಳಿ ಇರಲಿಲ್ಲ. ಬಾಯಿಂದ ಬಿದ್ದ ಸದ್ದು ಯಾವುದೋ ಅದಷ್ಟೇ ಅವರಿಗೆ. ನಾನು ಗಂಟಲಲ್ಲಿ ಪೆಟ್ಟು ಹಾಕಿ ಹೇಳಿದ್ದನ್ನು ಅವರು ಹಾಗೆಯೇ, ಗಂಟಲಲ್ಲಿ ಪೆಟ್ಟು ಹಾಕಿ, ತಿರುಗಿ ಹೇಳಿ ತೋರಿಸುತ್ತಿದ್ದರು. ಅಣಕಿಸುವುದಕ್ಕಲ್ಲ. ನನ್ನ ಸದ್ದನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಟೇಪ್ ರೆಕಾರ್ಡರಿನಲ್ಲಿ ಹಿಡಿದು ಕೇಳಿಸಿದರು. ಆ ಕ್ಯಾಸೆಟ್ಟಿನ ಹುಡುಗಿಯನ್ನು ನಾನು ಒಪ್ಪಿಕೊಳ್ಳಲಿಲ್ಲ. ಅದು ನಾನಲ್ಲ ಎಂದು ಹಟ ಮಾಡಿ ಅತ್ತೆ.

ಮೊದಲು ಹಿಡಿದದ್ದು ಪಕಾರವನ್ನು. ತುಟಿಯ ಅಕ್ಷರ, ಕನ್ನಡಿಯಲ್ಲಿ ಕಾಣುತ್ತದೆ. ಮೂಗಿನ ಕೆಳಗೆ ಇನ್ನೊಂದು ಪುಟ್ಟ ಕನ್ನಡಿ ಹಿಡಿಯುವರು. ಗಾಳಿ ಮೂಗಿಗೆ ಹೋದರೆ ಅದು ಮಸುಕಾಗುತ್ತದೆ. ತುಟಿಯ ಮುಂದೆ ಕಾಗದದ ಚೂರು, ಗಾಳಿ ಬಾಯಿಂದ ಬಂದರೆ ಅದು ಅಲುಗಬೇಕು. ಒಮ್ಮೊಮ್ಮೆ ಎರಡು ಬೆರಳಿನಿಂದ ನನ್ನ ಮೂಗು ಮುಚ್ಚಿ ಹೇಳಿಸುವರು, ಬಾಯಿ ತುಂಬ ಗಾಳಿ ನಿಂತರೆ ಹೇಗಿರುತ್ತದೆಂದು ತಿಳಿಯಲಿ ಎಂದು. ಇಷ್ಟಾದರೂ ಗಂಟಲಿನ ಪೆಟ್ಟು ಮುಂದಾಗಿ ಬಂದುಬಿಡುತ್ತಿತ್ತು. ಆಗ ಅವರು ಒಂದು ದಾರಿ ಹಿಡಿದರು. ಪಕಾರದ ಹಿಂದೆಯೇ ಹಕಾರ ಸೇರಿಸಿ ಪಿಸುಮಾತಿನಲ್ಲಿ ಹೇಳು ಎಂದರು. ಹಕಾರಕ್ಕೆ ಗಂಟಲು ತೆರೆದಿರಲೇಬೇಕು, ತೆರೆದ ಗಂಟಲಿನಲ್ಲಿ ಪೆಟ್ಟು ಹಾಕಲಾಗದು. ಹೀಗಾಗಿ ನನ್ನದಲ್ಲದ ಆ ಇಪ್ಪತ್ತರಲ್ಲಿ ನನ್ನ ಬಾಯಿಂದ ಹುಟ್ಟಿದ ಮೊದಲ ವ್ಯಂಜನ ಪ ಅಲ್ಲ, ಮಹಾಪ್ರಾಣದ ಫ. ನಮ್ಮೂರಿನಲ್ಲಿ ಮಹಾಪ್ರಾಣ ಎನ್ನುವುದು ಪುಸ್ತಕದಲ್ಲಿ ಮಾತ್ರ ಇರುವ ವಸ್ತು. ಬಾಯಲ್ಲಿ ಧರ್ಮವೂ ದರ್ಮವೇ, ಫಲವೂ ಪಲವೇ. ಅಂಥ ಊರಿಗೆ ನಾನು 'ಅಫ್ಫಾ' ಎನ್ನುತ್ತ ಇಳಿದೆ. ಅಪ್ಪ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದ. ತಲೆ ಎತ್ತಿ ನೋಡಿ, 'ಏನವ್ವಾ ಇದು, ಐನೋರ ಮನೆ ಮಾತು!' ಎಂದ. ಕೆಲಸಕ್ಕೆ ಬಂದ ಆಳುಗಳೆಲ್ಲ ನಕ್ಕರು. ಅವನೂ ನಕ್ಕ. ಆದರೆ ನಾಲ್ಕು ಜನರೆದುರು ಓಗೊಟ್ಟಿದ್ದ.

ಹಕಾರವನ್ನು ಸವೆಸಿ ಸವೆಸಿ ಪ ಉಳಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಪ ಬಂದ ಮೇಲೆ ಬ, ಆಮೇಲೆ ತ, ಟ. ಅಕ್ಷರ ಒಂಟಿಯಾಗಿ ಬರುತ್ತಿತ್ತು, ಪದದೊಳಗೆ ಹೋದರೆ ಹಳೆಯ ಚಾಳಿ. ಪದದಲ್ಲಿ ಬಂದದ್ದು ವಾಕ್ಯದಲ್ಲಿ ಕೈಕೊಡುತ್ತಿತ್ತು. '‌ಪುಟ್ಟ ತಟ್ಟೆ ತಾ', 'ಕಪ್ಪು ಕಾಗೆ ಕೂತಿದೆ' ಎಂದು ಅವರೇ ವಾಕ್ಯ ಕಟ್ಟಿಕೊಂಡು ಬರುತ್ತಿದ್ದರು, ಅದರಲ್ಲಿ ಒಂದೂ ಅನುನಾಸಿಕ ಇಲ್ಲದಂತೆ ನೋಡಿಕೊಂಡು. ಒಮ್ಮೆ ಪ್ರಯತ್ನ ಮಾಡಿ ನೋಡಿ, ನ ಮ ಣ ಇಲ್ಲದ ಕನ್ನಡ ವಾಕ್ಯ ಕಟ್ಟುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಕಕಾರ ಕೊನೆಗೆ ಬಂತು, ಅದರ ಜಾಗ ಗಂಟಲಿಗೆ ತೀರ ಹತ್ತಿರ. ಸಕಾರ ಪೂರ್ತಿ ಬರಲೇ ಇಲ್ಲ.

ಅವ್ವನನ್ನು ಕೋಣೆಯೊಳಗೆ ಬಿಡುತ್ತಿರಲಿಲ್ಲ. ಒಳಗಿದ್ದರೆ ಅವಳು ನನಗಿಂತ ಮುಂಚೆ ಉತ್ತರ ಹೇಳುತ್ತಿದ್ದಳು. ಗೋಡೆಯಲ್ಲಿ ಒಂದು ಗಾಜು ಇತ್ತು, ನಮ್ಮ ಕಡೆಯಿಂದ ಕನ್ನಡಿ, ಆ ಕಡೆಯಿಂದ ಕಿಟಕಿ. ಮಿಸ್‌ಗೆ ಪಾಠ ಹೇಳುವವರು ಆ ಕಡೆ ನಿಂತು ನೋಡುತ್ತಿದ್ದರು, ಅವ್ವನನ್ನೂ ಅಲ್ಲೇ ನಿಲ್ಲಿಸಿಕೊಂಡು ಮನೆಯಲ್ಲಿ ಹೇಗೆ ಹೇಳಿಸಬೇಕೆಂದು ವಿವರಿಸುತ್ತಿದ್ದರು. ಬಸ್ಸಿನಲ್ಲಿ ಅವ್ವನದು ಒಂದೇ ತಕರಾರು: 'ನೀ ನೀರು ಕೇಳ್ದೆ, ನಂಗೆ ಆ ಕಡೆಯಿಂದ್ಲೇ ತಿಳೀತು. ಆ ಮಿಸ್ಸು ಎದುರ್ಗೆ ಕುಂತಿದ್ರೂ ತಿಳೀನಿಲ್ವಲ್ಲ?' ತಿಳಿಯದವರಂತೆ ನಟಿಸುವುದೂ ಚಿಕಿತ್ಸೆಯೇ ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಅವಳಿಂದ ಆಗಲಿಲ್ಲ. ಮಗು ಬಾಯಾರಿ ಕೇಳುವಾಗ ಕಿವುಡಿಯಾಗುವುದು ಹೇಗೆ ಎನ್ನುತ್ತಿದ್ದಳು. ಓದು ಬಾರದ ಹೆಂಗಸು, ಅಭ್ಯಾಸದ ಪದಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ರಾಗಿ ಬೀಸುತ್ತ ನನ್ನ ಬಾಯಲ್ಲಿ ಹೇಳಿಸುತ್ತಿದ್ದಳು. ಅದೇ ಹೆಂಗಸು ಮರುಗಳಿಗೆ ಬಾಗಿಲಿಗೆ ಬಂದ ನೆಂಟರಿಗೆ ನನ್ನ ಪರವಾಗಿ ಉತ್ತರ ಕೊಡುತ್ತಿದ್ದಳು. ನನ್ನ ಮಾತು ತಡವಾಗಿದ್ದರಲ್ಲಿ ಅವಳ ಪ್ರೀತಿಯ ಪಾಲೂ ಇತ್ತು. ಇದನ್ನು ಬರೆಯುವುದು ಸುಲಭವಲ್ಲ, ಆದರೆ ಸುಳ್ಳಲ್ಲ.

ಊದುವುದರ ಕಥೆಯೊಂದಿದೆ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಯಾರೋ, ಮಗುವಿನ ಕೈಲಿ ಚೆನ್ನಾಗಿ ಊದಿಸಿ, ಅಂಗುಳಕ್ಕೆ ಬಲ ಬರುತ್ತದೆ ಎಂದಿದ್ದರು. ಅವ್ವ ಅದನ್ನು ವ್ರತದಂತೆ ಹಿಡಿದಳು. ಪೀಪಿ, ಬಲೂನು, ಬತ್ತಿ ಆರಿಸುವುದು. ದುಡ್ಡು ಕೊಟ್ಟು ತರುವ ಸಾಮಾನು ಮುಗಿದ ಮೇಲೆ ಊದುಗೊಳವೆ ಕೈಗೆ ಬಂತು. ವರ್ಷಗಟ್ಟಲೆ ನಮ್ಮ ಮನೆಯ ಒಲೆಯನ್ನು ಬೆಳಗಿನ ಜಾವ ಊದಿ ಹೊತ್ತಿಸಿದವಳು ನಾನು. ಕಣ್ಣು ಮೂಗೆಲ್ಲ ಹೊಗೆ. ಮೊನ್ನೆ ಮೇಲಿನ ಮನೆಯ ಹುಡುಗಿಗೆ ಇದನ್ನು ಹೇಳಿದಾಗ ಅವಳು, 'ಊದಿಸೋದು ಬೇಡವೇ ಬೇಡ ಅಂತಾರೆ ಆಂಟಿ, ಅದರಿಂದ ಮಾತಿಗೇನೂ ಉಪಯೋಗ ಇಲ್ವಂತೆ' ಎಂದಳು. ಹೌದು, ಈಗಿನ ತಜ್ಞರ ಮಾತು ಅದೇ. ಊದುವಾಗ ಅಂಗುಳ ಏಳುವ ರೀತಿ ಬೇರೆ, ಮಾತಿನ ನಡುವೆ ಕ್ಷಣಾರ್ಧದಲ್ಲಿ ಎದ್ದಿಳಿಯುವ ರೀತಿ ಬೇರೆ. ಒಂದರ ಸಾಧನೆ ಇನ್ನೊಂದಕ್ಕೆ ದಾಟುವುದಿಲ್ಲ. ಮಾತಿಗೆ ಮಾತೇ ಅಭ್ಯಾಸ. ಒಂದು ಕಾಲದಲ್ಲಿ ಜಗತ್ತಿನ ಎಷ್ಟೋ ಕಡೆ ಇಂಥ ಮಕ್ಕಳ ಕೈಯಲ್ಲಿ ಊದಿಸಿದ್ದಾರೆ, ನನಗೆ ದೂರಿಲ್ಲ. ಮುದ್ದೆ ಬೆಂದಿತಲ್ಲ.

2009ರಲ್ಲಿ 'ಸ್ಮೈಲ್ ಪಿಂಕಿ' ಎಂಬ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಉತ್ತರ ಪ್ರದೇಶದ ಒಂದು ಹಳ್ಳಿಯ ಸೀಳು ತುಟಿಯ ಹುಡುಗಿಗೆ ಉಚಿತ ಶಸ್ತ್ರಚಿಕಿತ್ಸೆಯಾದ ಕಥೆ. ಆ ಹುಡುಗಿಯ ನಗು ಎಲ್ಲ ಪತ್ರಿಕೆಯಲ್ಲೂ ಬಂತು, ಸೀಳು ತುಟಿಗೆ ಉಚಿತ ಆಪರೇಷನ್ ಎಂಬ ಪೋಸ್ಟರುಗಳು ಆಸ್ಪತ್ರೆಗಳ ಗೋಡೆಯಲ್ಲಿ ಕಂಡವು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳನ್ನು ತಪಾಸಣೆ ಮಾಡುವಾಗ ಹುಡುಕಬೇಕಾದ ಜನ್ಮದೋಷಗಳ ಪಟ್ಟಿಯಲ್ಲಿ ಸೀಳು ತುಟಿ, ಅಂಗುಳ ಎರಡೂ ಇವೆ. ಎಲ್ಲವೂ ಒಳ್ಳೆಯದೇ. ಆದರೂ ಆ ಪೋಸ್ಟರುಗಳ ಮುಂದೆ ನನಗೆ ಸಣ್ಣ ಕಿರಿಕಿರಿಯಾಗುತ್ತದೆ. ತುಟಿಗೆ ಆಪರೇಷನ್ ಮುಂಚೆ ಒಂದು ಫೋಟೋ, ಆಮೇಲೆ ಒಂದು ಫೋಟೋ ಹಾಕಬಹುದು. ಅಂಗುಳಕ್ಕೆ ಯಾವ ಫೋಟೋ? ವರ್ಷಗಟ್ಟಲೆ ಬಸ್ಸು ಹತ್ತಿ ಗಳಿಸಿದ ಒಂದು ಕಕಾರವನ್ನು ಗೋಡೆಗೆ ಅಂಟಿಸುವುದು ಹೇಗೆ? ದಾನಿಗೆ ಒಂದು ಗಂಟೆಯ ಶಸ್ತ್ರಚಿಕಿತ್ಸೆಯನ್ನು ತೋರಿಸುವುದು ಸುಲಭ. ಥೆರಪಿಗೆ ಬೇಕಾದದ್ದು ಊರ ಹತ್ತಿರ ಒಬ್ಬರು, ವಾರ ವಾರ, ಬಹಳ ದಿನ. ಅದು ಇವತ್ತಿಗೂ ಹಳ್ಳಿಗಳಿಗೆ ಕಷ್ಟ. ಮೇಲಿನ ಮನೆಯ ಮಗುವಿನ ಮೊಬೈಲಿನಲ್ಲಿ ಮೂಡುವ ಆ ಮುಖ ಅರ್ಧ ಊರಿನ ಬಸ್ ಚಾರ್ಜು ಉಳಿಸಬಹುದು, ಸಿಗ್ನಲ್ ಇದ್ದ ಕಡೆ.

ನನ್ನ ಥೆರಪಿ ಮುಗಿಯಲಿಲ್ಲ, ನಿಂತಿತು. ಮಿಸ್ ಕೋರ್ಸು ಮುಗಿಸಿ ಊರಿಗೆ ಹೋದರು. ಬೇರೆಯವರು ಬಂದರು, ಅವರ ಕನ್ನಡ ಚೆನ್ನಾಗಿತ್ತು. ಆ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಅಪ್ಪನ ಕಾಲಿಗೆ ಪೆಟ್ಟಾಗಿ, ಅವ್ವ ಹಗಲು ರಾತ್ರಿ ಬ್ಯಾರನ್ನಿನ ಬೆಂಕಿ ಕಾಯಬೇಕಾಯಿತು. ಒಂದು ವಾರ ತಪ್ಪಿತು, ಎರಡು ತಪ್ಪಿತು, ಆಮೇಲೆ ಹೋಗಲು ನಾಚಿಕೆಯಾಯಿತು. ಅಷ್ಟು ಹೊತ್ತಿಗೆ ಅಂಗಡಿಯವನಿಗೆ ನನ್ನ ಮಾತು ತಿಳಿಯುತ್ತಿತ್ತು. ಸಾಕು ಎನ್ನಿಸಿತು.

ಸಾಕಾಗಿರಲಿಲ್ಲ ಎಂದು ತಿಳಿದದ್ದು ಹೆಣ್ಣು ನೋಡಲು ಬರುವವರ ಕಾಲಕ್ಕೆ. ಉಪ್ಪಿಟ್ಟಿನ ತಟ್ಟೆ ಇಟ್ಟು ನಿಂತವಳನ್ನು ಅವರು ಏನಾದರೂ ಕೇಳಿದರೆ ಅವ್ವನೇ ಉತ್ತರ ಹೇಳುತ್ತಿದ್ದಳು. 'ನಮ್ಮುಡ್ಗಿ ಮಾತು ಕಮ್ಮಿ' ಎನ್ನುತ್ತಿದ್ದಳು. ಮಾತು ಕಮ್ಮಿಯಾದ ಹುಡುಗಿ ಎಂದರೆ ಅವರಿಗೂ ಸಂತೋಷವೇ. ಒಂದು ಸಲ ಗಂಡಿನ ಅಕ್ಕ ಹಿತ್ತಿಲಿಗೆ ಬಂದು ಒಬ್ಬಳೇ ಇದ್ದಾಗ ಮಾತಾಡಿಸಿದಳು. ನಾನು ಮಾತಾಡಿದೆ. ಸಂಬಂಧ ಮುರಿಯಿತು. ಅವ್ವ ನನ್ನ ಮೇಲೆ ಹಾರಾಡಿದಳು: 'ಯಾಕೆ ಬಾಯಿ ಬುಟ್ಟೆ?' ಬಾಯಿ ಬಿಡಲೆಂದು ನನ್ನನ್ನು ಹೊತ್ತು ತಿರುಗಿದವಳು ಅವಳೇ. ಆ ಮಾತನ್ನು ಆಗ ಹೇಳಬಹುದಿತ್ತು. ಹೇಳಲಿಲ್ಲ, ಹೇಳದ್ದಕ್ಕೆ ಈಗ ಬೇಜಾರೂ ಇಲ್ಲ.

ಅದಾದ ಮೇಲೆ ಅವಳು ಹಟ ಹಿಡಿದು ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ, ನನ್ನ ಕೈಲಿ 'ಸಸಸ' ಎನ್ನಿಸಿ ನೋಡಿದರು. ಮೃದು ಅಂಗುಳ ಸ್ವಲ್ಪ ಗಿಡ್ಡ, ಎದ್ದರೂ ಹಿಂಗೋಡೆಗೆ ಮುಟ್ಟುತ್ತಿಲ್ಲ, ಒಂದಿಷ್ಟು ಸಂದು ಉಳಿಯುತ್ತಿದೆ. ಇಂಥ ಸಂದಿಗೆ ಎಷ್ಟು ಥೆರಪಿ ಮಾಡಿದರೂ ಫಲವಿಲ್ಲ, ಗಂಟಲಿನ ಹಿಂಗೋಡೆಯಿಂದ ಮಾಂಸದ ಪಟ್ಟಿಯೊಂದನ್ನು ಎತ್ತಿ ಅಂಗುಳಕ್ಕೆ ಜೋಡಿಸಿದರೆ ಮೂಗಿನ ಸದ್ದು ಕಡಿಮೆಯಾಗುತ್ತದೆ ಎಂದರು. ಅವ್ವ ಅಲ್ಲೇ ಸೆರಗಿನ ಗಂಟಿಗೆ ಕೈ ಹಾಕಿದಳು. ನಾನು ಬೇಡ ಎಂದೆ. ಆಗ ನನಗೆ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತ್ತು. ಯಾರ ಕಿವಿಗಾಗಿ ಈ ಹೊಲಿಗೆ ಎಂಬ ಪ್ರಶ್ನೆ ಬಂದಿತ್ತು. ರಜೆ ಸಿಗದು ಎಂಬುದೂ ನಿಜ, ಭಯವೂ ನಿಜ. ಇವುಗಳಲ್ಲಿ ಯಾವುದು ಎಷ್ಟು ಪಾಲು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ. ಇನ್ನೊಬ್ಬರು ಕೇಳಿದರೆ ಮಾಡಿಸಿಕೊಳ್ಳಿ ಎಂದೇ ಹೇಳುತ್ತೇನೆ.

ಪ್ರೂಫ್ ನೋಡುವ ಕೆಲಸವನ್ನು ನಾನು ಆರಿಸಿಕೊಂಡದ್ದು ಅಲ್ಲಿ ಮಾತಾಡಬೇಕಾಗಿಲ್ಲ ಎಂದು. ಅದು ನಿಜವಾದದ್ದು ಮೊದಲ ಕೆಲವು ವರ್ಷ ಮಾತ್ರ. ಮೊಬೈಲು ಬಂದ ಮೇಲೆ ಲೇಖಕರು ಒಂದೊಂದು ಅಲ್ಪವಿರಾಮಕ್ಕೂ ಫೋನು ಮಾಡುತ್ತಾರೆ. ಬೆಳಗ್ಗೆ ನನ್ನ ಮಾತು ಚೆನ್ನಾಗಿರುತ್ತದೆ. ಸಂಜೆಯ ಹೊತ್ತಿಗೆ, ದಣಿದಾಗ, ಸಕಾರವೆಲ್ಲ ಮೂಗಿಗೆ ಜಾರುತ್ತದೆ. ಹೊಸಬರು ಕೇಳುತ್ತಾರೆ, 'ಶೀತ ಆಗಿದೆಯಾ ಮೇಡಂ?' ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ, ಅಂಗುಳ ಎಂದ ಕೂಡಲೇ ಎದುರಿನವರು ಗಲಿಬಿಲಿಗೊಂಡು ಕ್ಷಮೆ ಕೇಳುವುದೂ, ಅವರನ್ನು ನಾನೇ ಸಮಾಧಾನ ಮಾಡುವುದೂ ಬೇಸರವಾಗಿ, 'ಹೂಂ ಸಾರ್, ಸ್ವಲ್ಪ' ಎಂದು ಒಪ್ಪಿಕೊಳ್ಳತೊಡಗಿದೆ. ನಿವೃತ್ತ ಪ್ರೊಫೆಸರೊಬ್ಬರಿದ್ದಾರೆ, ನಮ್ಮಲ್ಲಿ ಅವರ ನಾಲ್ಕೈದು ಪುಸ್ತಕ ಬಂದಿವೆ. ಪ್ರತಿ ಪುಸ್ತಕದ ಹೊತ್ತಿಗೂ ನನಗೆ ಶೀತ. ಧೂಳಿನಿಂದ ಎಂದು ಅವರ ನಂಬಿಕೆ. ತುಳಸಿ, ಮೆಣಸು, ದೊಡ್ಡಪತ್ರೆ ಎಂದು ಕಷಾಯ ಹೇಳುತ್ತಾರೆ, ಮಾಡಿಕೊಂಡೆನೋ ಇಲ್ಲವೋ ಎಂದು ಮರುದಿನ ವಿಚಾರಿಸುತ್ತಾರೆ. ಹೋದ ತಿಂಗಳು ಹೊಸ ಪುಸ್ತಕದ ಹಸ್ತಪ್ರತಿಯ ಜೊತೆಗೆ ನೀಲಗಿರಿ ಎಣ್ಣೆಯ ಸೀಸೆಯನ್ನೂ ಕೊಟ್ಟುಕಳಿಸಿದ್ದರು. ಹಸ್ತಪ್ರತಿಯ ತುಂಬ ಮಹಾಪ್ರಾಣದ ತಪ್ಪುಗಳು.